ಅಕ್ಕನ ದವಡೆ ಮುರಿದದ್ದು ವಾಗ್ವಾದದಿಂದಲ್ಲ

ಪಟ್ಟಣದ ಶಾಂತಿ ಕಾಪಾಡುವ ಹಿರಿಯ ಪೊಲೀಸ್ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಭಾನುವಾರ ಬಂದರಿನ ಹಳೆಯ ಸುಂಕದ ಮನೆಯಲ್ಲಿ ನಡೆದ ಕರಾವಳಿ ಲೇಖಕರ ಸಮಾವೇಶದಲ್ಲಿ ನನ್ನ ಅಕ್ಕನ ದವಡೆಯನ್ನು ಕಬ್ಬಿಣದ ಸರಳಿನಿಂದ ಮುರಿದರು. ತಮ್ಮ ವರದಿ ಇದನ್ನು ‘ಲೇಖಕರ ವಾಗ್ವಾದದಲ್ಲಾದ ಸಣ್ಣಪುಟ್ಟ ಗಾಯ’ ಎನ್ನುತ್ತದೆ. ಲೇಖಕರು ಜಗಳಗಂಟರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇಪ್ಪತ್ತು ವರ್ಷ ಅವರ ಪುಸ್ತಕಗಳನ್ನು ಹೊಲಿದು ಬೈಂಡ್ ಮಾಡಿದವಳು ನಾನು. ಮುನ್ನುಡಿಯಲ್ಲಿ ಹೆಸರು ಬಿಟ್ಟುಹೋಯಿತೆಂದು ಹತ್ತು ವರ್ಷ ಮಾತು ಬಿಟ್ಟವರನ್ನು ಕಂಡಿದ್ದೇನೆ. ಸರಳು ಹಿಡಿದು ವಿಮರ್ಶೆಗೆ ಬಂದವರನ್ನು ಮಾತ್ರ ಕಂಡಿರಲಿಲ್ಲ.

ಅಕ್ಕ ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಡಬ್ಬಿ ತುಂಬಿದವಳು. ಶೀತಕೋಣೆಯಲ್ಲಿ ಅನಿಲ ಸೋರಿ ಒಂಬತ್ತು ಹೆಂಗಸರು ಸತ್ತರಲ್ಲ, ಅಂದು ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕೀಲಿಕೈ ಇದ್ದ ಮೇಲ್ವಿಚಾರಕ ಊಟಕ್ಕೆ ಹೋಗಿದ್ದ. ಒಳಗಿನವರು ಬಡಿಯುವುದು ನಿಲ್ಲುವವರೆಗೂ ಅಕ್ಕ ಹೊರಗೆ ನಿಂತು ಬೀಗ ಜಜ್ಜಿದಳು. ಅದನ್ನೇ ಅವಳು ಪುಸ್ತಕವಾಗಿ ಬರೆದಳು, ನಾನು ಹೊಲಿದೆ.

ಸಮಾವೇಶಕ್ಕೆ ಅನುಮತಿ ಕೊಟ್ಟಾಗ, ಪುರಾತನ ಕಟ್ಟಡ, ಗೋಡೆಗೆ ಮೊಳೆ ಹೊಡೆಯಬಾರದು ಎಂದು ಷರತ್ತು ಹಾಕಿದ್ದಿರಿ. ಮನುಷ್ಯರಿಗೆ ಹೊಡೆಯುವ ವಿಷಯದಲ್ಲಿ ಷರತ್ತೇನೂ ಇರಲಿಲ್ಲವೇ? ಬೆಳಿಗ್ಗೆ ಹನ್ನೊಂದಕ್ಕೆ ಸರಳು ಹಿಡಿದ ಎಂಟು ಜನ ಒಳನುಗ್ಗಿದರು. ಬಾಗಿಲಲ್ಲಿದ್ದ ತಮ್ಮ ಇಬ್ಬರು ಪೇದೆಗಳು ನೆಂಟರಿಗೆ ಬಿಡುವಂತೆ ದಾರಿ ಬಿಟ್ಟರು. ಕೂತು ಮಾತಾಡೋಣ ಎಂದ ಅಧ್ಯಕ್ಷರ ಮುಖಕ್ಕೆ ಕುರ್ಚಿ ಬೀಸಿದರು. ಎಪ್ಪತ್ತೆಂಟರ ಆ ಹಿರಿಯರ ಎರಡು ಹಲ್ಲು ಅವರ ಭಾಷಣದ ಹಾಳೆಯ ಮೇಲೆಯೇ ಉದುರಿದವು. ಅಕ್ಕ ಆಗ ತನ್ನ ಪುಸ್ತಕದಿಂದ ಆ ಒಂಬತ್ತು ಹೆಂಗಸರ ಹೆಸರು ಓದುತ್ತಿದ್ದಳು.

“ಓದೋದು ನಿಲ್ಸು,” ಎಂದ ಒಬ್ಬ.

“ಇನ್ನು ನಾಲ್ಕು ಹೆಸರಿದೆ. ಮುಗಿಸ್ತೀನಿ,” ಎಂದಳು ಅಕ್ಕ.

ಸರಳು ಬಿತ್ತು. ಅಕ್ಕ ಬಿದ್ದಳು. ಬಿದ್ದವಳ ಮೇಲೆ ಅವನು ಮತ್ತೆ ಕೈ ಎತ್ತಿದ. ಪುಸ್ತಕದ ಮೇಜಿನಲ್ಲಿ ಸಡಿಲವಾದ ಪ್ರತಿಗಳನ್ನು ಹೊಲಿಯುತ್ತಿದ್ದ ನಾನು ಓಡಿಹೋಗಿ ಕೈಯಲ್ಲಿದ್ದ ದಬ್ಬಳವನ್ನು ಹಿಡಿಕೆಯವರೆಗೂ ಅವನ ತೊಡೆಗೆ ಇಳಿಸಿದೆ. ಕಿತ್ತು ಮತ್ತೊಮ್ಮೆ ಇಳಿಸಿದೆ. ಅವನು ಕಿರುಚಿದಾಗ ನನಗೆ ಅಯ್ಯೋ ಅನ್ನಿಸಲಿಲ್ಲ, ಸಂತೋಷವಾಯಿತು. ಅದನ್ನು ನೆನೆದರೆ ಈಗ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ.

ಆಗ ನೋಡಿ, ತಮ್ಮ ಪೇದೆಗಳಿಗೆ ಕಾಲು ಬಂತು. ಓಡಿ ಬಂದು ನನ್ನನ್ನು ಹಿಡಿದರು. ಸರಳಿನವರು ಕುಂಟುವವನನ್ನು ಎತ್ತಿಕೊಂಡು ಮುಂಬಾಗಿಲಿನಿಂದಲೇ ಹೋದರು. ಠಾಣೆಯಲ್ಲಿ ನಾನು ಚುಚ್ಚಿದ್ದನ್ನು ನಾನಾಗಿಯೇ ಒಪ್ಪಿಕೊಂಡೆ. ಇನ್‌ಸ್ಪೆಕ್ಟರ್ ಎದ್ದು ಹೋಗಿ ಫೋನಿನಲ್ಲಿ ಮಾತಾಡಿ ಬಂದರು.

“ನೀವೇನೂ ಮಾಡಿಲ್ಲಮ್ಮ. ಅಲ್ಲಿಗೆ ಯಾರೂ ಬಂದೇ ಇರ್ಲಿಲ್ಲ. ಮನೆಗೆ ಹೋಗಿ,” ಎಂದರು.

ದಬ್ಬಳವನ್ನು ಒರೆಸಿ ಕೈಗೆ ಕೊಟ್ಟರು.

ಇಷ್ಟೊಂದು ಕರುಣೆ ಏಕೆ ಸ್ವಾಮಿ? ನನ್ನ ಮೇಲೆ ಮೊಕದ್ದಮೆ ಹೂಡಿದರೆ ಚುಚ್ಚಿಸಿಕೊಂಡವನ ಹೆಸರು ಬರೆಯಬೇಕು. ಅವನು ಅಲ್ಲಿಗೇಕೆ ಬಂದ, ಯಾರು ಕಳಿಸಿದರು ಎಂದು ನ್ಯಾಯಾಧೀಶರು ಕೇಳುತ್ತಾರೆ. ಎಂಟು ಜನರನ್ನು ಉಳಿಸಲು ನನ್ನೊಬ್ಬಳ ಅಪರಾಧವನ್ನೂ ನುಂಗಿದಿರಿ.

ಅಕ್ಕನ ದವಡೆಗೆ ತಂತಿ ಬಿಗಿದಿದ್ದಾರೆ. ಆರು ವಾರ ಬಾಯಿ ತೆರೆಯುವಂತಿಲ್ಲ. ಅವಳು ಓದದೆ ಉಳಿದ ನಾಲ್ಕು ಹೆಸರುಗಳನ್ನು ನಾನು ನ್ಯಾಯಾಲಯದಲ್ಲಿ ಓದಬೇಕಾಗಿದೆ. ಆದ್ದರಿಂದ ನನ್ನ ಬೇಡಿಕೆ ಒಂದೇ: ನನ್ನನ್ನು ಬಂಧಿಸಿ. ಒಂಬತ್ತರಿಂದ ಆರರವರೆಗೆ ನನ್ನ ಬೈಂಡಿಂಗ್ ಅಂಗಡಿಯಲ್ಲಿರುತ್ತೇನೆ.

ಇಂತಿ,
ತಪ್ಪೊಪ್ಪಿಕೊಂಡರೂ ಆರೋಪಿಯಾಗುವ ಯೋಗವಿಲ್ಲದ,
ಪುಸ್ತಕ ಹೊಲಿಯುವ ಹೆಂಗಸು