ಶುಕ್ರವಾರದ ಕರೆ

ಮನೆ, ಮೂರನೇ ಮಹಡಿ
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಬಿಸಿ ಕೊಳವೆ ತಾಗಿ ಸುಟ್ಟಿದ್ದ ಮೊಣಕೈ ವಾಸಿಯಾಯ್ತಾ? ಎಂಜಿನ್ ಕೋಣೆಗೆ ಇಳಿಯುವಾಗ ಕಿವಿಗೆ ಹತ್ತಿ ಇಟ್ಕೊಳ್ತೀರೋ, ಇಲ್ಲ "ನನಗೇನಾಗುತ್ತೆ ಬಿಡೇ" ಅಂತ ಹಾಗೇ ಇಳೀತೀರೋ? ಹೋದ ಸಲ ರಜೆಗೆ ಬಂದಾಗ ನೀವೂ ಅತ್ತೆಯೂ ಮಾತಿಗೆ ಕೂತರೆ ಬೀದಿಗೆಲ್ಲ ಕೇಳಿಸ್ತಿತ್ತು. ಅವರದು ವಯಸ್ಸಿನ ಕಿವುಡು, ನಿಮ್ಮದು ಹಡಗಿನ ಕಿವುಡು. ಅತ್ತೆ ಆರಾಮಾಗಿದ್ದಾರೆ. ಮಂಡಿ ನೋವು ಇದ್ದಿದ್ದೇ, ನನ್ನ ಮೇಲೆ ಮುನಿಸೂ ಇದ್ದಿದ್ದೇ. ಮುನಿಸು ಮಾತ್ರ ಈ ಸಲ ಸ್ವಲ್ಪ ಜಾಸ್ತಿ. ಯಾಕೆ ಅಂತ ಹೇಳ್ತೀನಿ.

ಕಾಗದ ಬಂತು ಅಂತ ಗಾಬರಿಯಾಗಬೇಡಿ. ಮುಂದಿನ ಬಂದರಿಗೆ ಹೋಗೋ ಚೀಲದಲ್ಲಿ ಹಾಕ್ತೀವಿ ಅಂತ ನಿಮ್ಮ ಕಂಪನಿ ಆಫೀಸಿನವರು ಒಪ್ಪಿಕೊಂಡರು. ಶುಕ್ರವಾರ ನೀವು ಕರೆ ಮಾಡಿದಾಗಲೇ ಹೇಳಬಹುದಿತ್ತು. ಆದರೆ ವಾರವಿಡೀ ಎಣ್ಣೆಯಲ್ಲಿ ಮುಳುಗಿ ಎದ್ದು, ಮಗಳಿಗೋಸ್ಕರ ತಲೆ ಬಾಚಿ, ಒಗೆದ ಅಂಗಿ ಹಾಕ್ಕೊಂಡು ನಗ್ತಾ ಕೂತಿರ್ತೀರಿ. ಆ ಮುಖ ನೋಡ್ತಾ ಇದನ್ನ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ನಮ್ಮ ಗುಂಡಮ್ಮನ ವಿಷಯ. ಮುಂದಿನ ತಿಂಗಳಿಗೆ ಮೂರು ತುಂಬುತ್ತೆ, ಬಾಯಲ್ಲಿ ಒಂದು ಮಾತಿಲ್ಲ. "ಇವಳಪ್ಪನೂ ಹಾಗೇ, ಮಾತು ಬರೋ ಹೊತ್ತಿಗೆ ಹಲ್ಲೆಲ್ಲ ಬಂದಿತ್ತು" ಅಂತ ಅತ್ತೆ ನಗಿಸ್ತಾನೇ ಬಂದರು, ನಾನೂ ನಗ್ತಾನೇ ಬಂದೆ. ಹೆಸರು ಹಿಡಿದು ಕೂಗಿದರೂ ಅವಳು ತಿರುಗದೇ ಇದ್ದಾಗ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ ಅಂದರು. ನಾನು ಖುಷಿಪಡಬೇಕಿತ್ತು, ಅಲ್ವಾ? ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಕಿವಿಯೇ ಕೆಟ್ಟಿದ್ದರೆ ಯಂತ್ರ ಹಾಕಿಸಬಹುದಿತ್ತಲ್ಲ ಅನ್ನಿಸಿತು. ಹೆತ್ತವಳು ಹೀಗೆ ಅಂದುಕೊಳ್ಳಬಹುದಾ, ನೀವೇ ಹೇಳಿ.

ಅಲ್ಲಿಂದ ಮಾತು ಕಲಿಸೋ ಟೀಚರ ಹತ್ತಿರ ಕಳಿಸಿದರು. ಒಳ್ಳೆಯ ಹೆಂಗಸು, ಮಗುವಿನ ಜೊತೆ ನೆಲದ ಮೇಲೇ ಕೂರ್ತಾರೆ. "ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡ್ತಾಳೆ?" ಅಂತ ಕೇಳಿದರು. "ಊಟ ಮಾಡುವಾಗ ಅಷ್ಟೇ" ಅಂದೆ. ಅವರು ನನ್ನ ಫೋನು ಇಸ್ಕೊಂಡು ಅದರಲ್ಲೇ ಎಲ್ಲೋ ಒತ್ತಿ ತೋರಿಸಿದರು. ನಾನು ಆಫೀಸಿಗೆ ದುಡಿಯೋದಕ್ಕಿಂತ ಹೆಚ್ಚು ಹೊತ್ತು ಅವಳು ಅದರ ಮುಂದೆ ಕೂತಿದ್ದಾಳೆ. ಬೇರೆ ಏನು ಮಾಡಲಿ? ಬೆಳಗಿಂದ ಸಂಜೆವರೆಗೆ ಮನೆಯಲ್ಲೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸ್ಕೊಂಡು, ಪಂಪು ಕೆಟ್ಟವರ ದೂರು ಕೇಳೋದು ನನ್ನ ಕೆಲಸ. ಬೆನ್ನ ಹಿಂದೆ ಮಗು ಅತ್ತರೆ ಆಫೀಸಿನ ಮೇಲಧಿಕಾರಿಗಳು ಬೈತಾರೆ. ಅವಳು ಸುಮ್ಮನಿರಲಿ ಅಂತ ಫೋನು ಕೊಟ್ಟೆ. ಸುಮ್ಮನಾದಳು. ಕಂಡವರ ಜೊತೆಯೆಲ್ಲ ದಿನವಿಡೀ ನಯವಾಗಿ ಮಾತಾಡಿ, ಸಂಜೆ ಸ್ವಂತ ಮಗಳ ಎದುರು ಕೂತರೆ ನನ್ನ ಗಂಟಲಲ್ಲಿ ಏನೂ ಉಳಿದಿರ್ತಿರಲಿಲ್ಲ. "ಫೋನೊಂದೇ ಕಾರಣ ಅಂತ ನಾನು ಹೇಳಲ್ಲಮ್ಮಾ, ಆದರೆ ಮೊದಲು ಅದನ್ನ ತೆಗೀರಿ, ಆಮೇಲೆ ನೋಡೋಣ" ಅಂದರು ಟೀಚರು.

ತೆಗೆದೆ. ಫೋನನ್ನ ಕೆಳಗಿನ ಮನೆಯ ಟೈಲರಕ್ಕನ ಹತ್ತಿರ ಇಟ್ಟೆ. ಮೊದಲ ದಿನ ಮಂಚದ ಕೆಳಗೆ, ದಿಂಬಿನ ಕೆಳಗೆ, ಅಕ್ಕಿ ಡಬ್ಬಿಯೊಳಗೆ ಎಲ್ಲ ಹುಡುಕಿದಳು. ಎರಡನೇ ದಿನ ಫ್ರಿಜ್ಜಿನ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಊಟ ಬಿಟ್ಟಳು. ಅವಳ ಸಂಕಟ ನೋಡಲಾರದೆ ಅತ್ತೆ ಬಚ್ಚಲುಮನೆಯಲ್ಲಿ ಕೂತು, ತಮ್ಮ ಫೋನು ತೋರಿಸ್ತಾ ತುತ್ತು ತಿನ್ನಿಸ್ತಿದ್ದರು. ಬಾಗಿಲು ತಳ್ಳಿ ನೋಡಿದವಳು ಬಾಯಿಗೆ ಬಂದಿದ್ದೆಲ್ಲ ಅಂದುಬಿಟ್ಟೆ. "ಮಗು ಹಸಿದುಕೊಂಡಿದ್ದರೆ ಮಾತು ಬಂದುಬಿಡುತ್ತೇನೇ?" ಅಂದವರು ಆವತ್ತಿನಿಂದ ನನ್ನ ಜೊತೆ ಊಟಕ್ಕೆ ಕೂರ್ತಿಲ್ಲ. ನನ್ನ ಕೋಣೆಯ ಬಾಗಿಲಿಗೆ ಚಿಲಕ ಹಾಕ್ಕೊಂಡು ಕೆಲಸಕ್ಕೆ ಕೂತರೆ ಮಗು ಆಚೆ ನಿಂತು ಅಂಗೈಯಲ್ಲಿ ಬಡೀತಾ ಇರ್ತಿತ್ತು. ಪಂಪು ಕೆಟ್ಟು ಕರೆ ಮಾಡಿದ್ದ ಯಾರೋ ಒಬ್ಬ "ಮೊದಲು ಆ ಮಗೂನ ಎತ್ಕೊಳ್ಳಮ್ಮಾ ತಾಯಿ" ಅಂದ. ಎದ್ದು ಬಂದು ಎತ್ಕೊಂಡೆ. ಕೆಲಸ ಬಿಟ್ಟಿದ್ದೀನಿ. ಕೋಪ ಮಾಡ್ಕೋಬೇಡಿ.

ಇಷ್ಟೆಲ್ಲ ಆದಮೇಲೆ ಮೆಲ್ಲಗೆ ಒಂದು ದಾರಿಗೆ ಬಂದಿತ್ತು. ಚಮಚ ಕೊಟ್ಟರೆ ಇಸ್ಕೊಳ್ಳೋಳು, ಕಾಗೆ ಕೂಗಿದರೆ ಕಿಟಕಿ ಕಡೆ ನೋಡೋಳು. ಅಷ್ಟರಲ್ಲಿ ಶುಕ್ರವಾರ ಬರ್ತಿತ್ತು, ನಿಮ್ಮ ಕರೆಗೆ ಅಂತ ಫೋನು ಮೇಲೆ ತರ್ತಿದ್ದೆ. ನೀವು ಟಾಟಾ ಮಾಡಿ ಹೋದಮೇಲೆ ಇಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ಲ. ಕಪ್ಪಾದ ಗಾಜನ್ನ ಬೆರಳಲ್ಲಿ ಉಜ್ಜುತ್ತಾಳೆ, ನೆಲಕ್ಕೆ ಕುಕ್ಕುತ್ತಾಳೆ, ಕೈಯಿಂದ ಬಿಡಿಸಿಕೊಂಡರೆ ಉಸಿರು ಕಟ್ಟಿ ನೀಲಿಯಾಗ್ತಾಳೆ. ಆಮೇಲೆ ಚಮಚವೂ ಇಲ್ಲ, ಕಾಗೆಯೂ ಇಲ್ಲ, ಮತ್ತೆ ಮೊದಲಿನಿಂದ.

ಮೊನ್ನೆ ಬುಧವಾರ ಅವಳು ಮಾತಾಡಿದಳು ರೀ. ಟೈಲರಕ್ಕನ ಮನೆಯಲ್ಲಿದ್ದೆವು. ಹೊಲಿಗೆ ಮಿಷನ್ ಮೇಲಿದ್ದ ಫೋನು ಹೊಡ್ಕೊಂಡಿತು, ನಮ್ಮ ಗುಂಡಮ್ಮ ಕೈ ಚಾಚಿ ಸ್ಪಷ್ಟವಾಗಿ "ಅಪ್ಪ" ಅಂದಳು. ಅವಳನ್ನ ಎತ್ಕೊಂಡು ಹುಚ್ಚಿಯ ಹಾಗೆ ಕುಣಿದೆ. ಟೈಲರಕ್ಕ ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಮೇಲೆ ಬಂದು ಗೋಡೆ ಮೇಲಿರೋ ನಮ್ಮ ಮದುವೆ ಫೋಟೋದಲ್ಲಿ ನಿಮ್ಮನ್ನ ತೋರಿಸಿದೆ, ಸುಮ್ಮನಿದ್ದಳು. ಸಂಜೆ ಟಿವಿ ರಿಮೋಟ್ ನೋಡಿ "ಅಪ್ಪ" ಅಂದಳು. ಅಂಗಡಿಯವನ ಕ್ಯಾಲ್ಕುಲೇಟರ್ ನೋಡಿ "ಅಪ್ಪ" ಅಂದಳು. ಫೋನು ಹೊಡ್ಕೊಂಡಾಗಲೆಲ್ಲ "ನೋಡು, ಅಪ್ಪ ಬಂದ್ರು" ಅಂತ ಹೇಳಿಕೊಟ್ಟವಳು ನಾನೇ ಅಲ್ವಾ. ಚೆನ್ನಾಗಿಯೇ ಕಲಿತಿದ್ದಾಳೆ. ಅಂಗಡಿಯವ ನಕ್ಕ. ನಾನೂ ನಕ್ಕು, ಏನು ತರೋಕೆ ಹೋಗಿದ್ದೆನೋ ಅದನ್ನ ಮರೆತು ವಾಪಸ್ ಬಂದೆ.

ಅತ್ತೆ ನಿಮ್ಮನ್ನ ಹರಸಿದ್ದಾರೆ, ಹೊಟ್ಟೆ ತುಂಬ ಉಣ್ಣಬೇಕಂತೆ. ಟೈಲರಕ್ಕನೂ ಕೇಳಿದ್ದಾರೆ ಅಂತ ಬರೀಬೇಕಂತೆ. ಮೈ ನೋಡ್ಕೊಳ್ಳಿ, ಬಿಸಿ ಯಂತ್ರದ ಹತ್ತಿರ ಹುಷಾರು.

ಇಂತಿ ನಿಮ್ಮವಳು,
ಗುಂಡಮ್ಮನ ಅಮ್ಮ

ಮರೆತದ್ದು: ಮರೆತಿಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಇನ್ನು ಶುಕ್ರವಾರ ಕರೆ ಮಾಡಬೇಡಿ. ಮಾಡಿದರೂ ನಾನು ಎತ್ತಲ್ಲ. ನೋಡಿದ ಮೇಲೆ ಫೋನು ವಾಪಸ್ ಕೊಡೋ ಮಗುವಾದರೆ ಅಪ್ಪನ ಕರೆಗೆ ಅಡ್ಡಿಯಿಲ್ಲ ಅಂದರು ಟೀಚರು, ನಮ್ಮದು ಕೊಡಲ್ಲ. ನಿಮ್ಮನ್ನ ಕೇಳದೇ ತೀರ್ಮಾನ ಮಾಡಿದ್ದೀನಿ. ನಿಮಗೆ ಅಲ್ಲಿ ಇರೋದು ಅದೊಂದೇ ಸುಖ ಅಂತ ಗೊತ್ತಿದ್ದೂ ಮಾಡಿದ್ದೀನಿ. ಇದರಿಂದ ಅವಳಿಗೆ ಮಾತು ಬರುತ್ತೋ ಇಲ್ಲವೋ ಯಾರೂ ಹೇಳ್ತಿಲ್ಲ. ಬರೋಕಾದರೆ ನೀವೇ ಬಂದುಬಿಡಿ. ಕರಾರು ಮುಗಿಯೋವರೆಗೆ ಬಿಡಲ್ಲ ಅಂತ ಗೊತ್ತು, ಆದರೂ ಬರೆದೆ. ಅವಳು ನಿದ್ದೆಯಿಂದ ಎದ್ದಳು.