ಬೊಟ್ಟು ಮೇಲ್ಗಡೆ

ನವೆಂಬರ್ 8, ಶನಿವಾರ
ಇವರಿಗೆ ಮಾತ್ರೆ, ಕಾಫಿ. ಆಮೇಲೆ ಎಂದಿನ ಕೂಗು — "ಶೋಭಾ, ಬಾರೇ, ಚುಚ್ಚು!" ಟೇಬಲ್ ಕೆಳಗೆ ತೂರಿ, ಕಂಪ್ಯೂಟರಿನ ಬೆನ್ನಿಗೆ ಫೋನಿನ ವೈರ್ ಚುಚ್ಚಿ ಬಂದೆ. ಲಕ್ವ ಹೊಡೆದ ಮೇಲೆ ಇವರ ಬಲಗೈ ಏಳೋಲ್ಲ. ಫೋಟೊ ಸ್ಟುಡಿಯೋ ಮುಚ್ಚಿದ್ದಾಯಿತು. ಆದರೂ ಚಂದ್ರಾ ಲೇಔಟಿನವರು ಫೋನಲ್ಲೋ ಕಾರ್ಡಲ್ಲೋ ಫೋಟೊ ತರುತ್ತಾರೆ. ಎಡಗೈಯಲ್ಲೇ ಮೌಸ್ ಹಿಡಿದು ತಿದ್ದಿಕೊಡುತ್ತಾರೆ.

ಮಧ್ಯಾಹ್ನ ಅಣ್ಣನ ಮಗ ಮೋಹನ ಬಂದ. ತನ್ನ ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್ ಕೊಟ್ಟುಹೋದ, ನಮ್ಮದರ ಸ್ವಿಚ್ ಆಗಾಗ ಕೈಕೊಡುತ್ತಿತ್ತು. ಇದರ ಮುಂದುಗಡೆಯೇ ಫೋನ್ ವೈರ್ ಚುಚ್ಚುವ ಟೈಪ್-ಸಿ ಪೋರ್ಟ್ ಇದೆ. ಇವರು ಹೆಬ್ಬೆರಳಲ್ಲಿ ಸವರಿ ನೋಡಿದರು. "ಇನ್ಮೇಲೆ ನಿನ್ನ ಕೂಗಲ್ಲ ಹೋಗು."

ನವೆಂಬರ್ 10
ವಿಡಿಯೊ ನೋಡಿಕೊಂಡು ಹಳೇದರ ಒಳಗಿದ್ದುದನ್ನೆಲ್ಲಾ ಹೊಸ ಕ್ಯಾಬಿನೆಟ್ಟಿಗೆ ಹಾಕಿದೆ. ಆನ್ ಆಯಿತು. ಮುಂದಿನ ಟೈಪ್-ಸಿ ವೈರ್ ಮಾತ್ರ ಒಳಗೆ ನೇತಾಡುತ್ತಿದೆ. ಅದರ ತುದಿ ಪುಟ್ಟದು. ನಮ್ಮ ಮದರ್‌ಬೋರ್ಡಿನಲ್ಲಿ ಅದು ಕೂರುವ ಜಾಗವೇ ಇಲ್ಲ. ಮೋಹನನಿಗೆ ಫೋನ್ ಮಾಡಿದೆ.

"ಅತ್ತೆ, ನಿಮ್ಮ ಬೋರ್ಡು ಹಳೇದು, ಆ ಸಾಕೆಟ್ ಇರಲ್ಲ. ಹೊಸದು ಹಾಕ್ಸಿ. ಇಲ್ಲಾಂದ್ರೆ ಹಿಂದಿನಿಂದ ಒಂದು ಎಕ್ಸ್‌ಟೆನ್ಶನ್ ಎಳ್ಕೊಳ್ಳಿ."

ಎಳೆದುಕೊಂಡೆ.

ನವೆಂಬರ್ 11
ಎಕ್ಸ್‌ಟೆನ್ಶನ್ ಆಗಲ್ಲ. ನೇತಾಡುವ ವೈರಿಗೆ ಚುಚ್ಚೋಕೆ ಎರಡು ಕೈ ಬೇಕು — ಒಂದರಲ್ಲಿ ಅದು, ಇನ್ನೊಂದರಲ್ಲಿ ಇದು. ಇವರು ಹಲ್ಲಲ್ಲಿ ಕಚ್ಚಿಕೊಂಡು ನೋಡುತ್ತಿದ್ದರು. ಬಾಗಿಲಲ್ಲೇ ನಿಂತೆ, ಒಳಗೆ ಹೋಗಲಿಲ್ಲ.

ಅಲ್ಲಾಡದೆ ಕೂತಿರುವ ಪೋರ್ಟೇ ಬೇಕು. ಅದಕ್ಕಾದರೆ ಒಂದು ಕೈ ಸಾಕು.

ನವೆಂಬರ್ 12, ಸಂಜೆ
ಇವರು ಬಿದ್ದರು. ನಾನು ತರಕಾರಿಗೆ ಹೋಗಿದ್ದೆ. ತಾವೇ ಟೇಬಲ್ ಹಿಂದೆ ಬಗ್ಗಿದ್ದಾರೆ. ಹುಬ್ಬಿನ ಮೇಲೆ ಹೊಲಿಗೆ.

"ನಾನು ಬರೋವರೆಗೂ ಕಾಯಬಾರದಿತ್ತಾ?"

"ಒಂದು ವೈರಿಗೆ ಹೆಂಡ್ತಿ ದಾರಿ ಕಾಯ್ಬೇಕೇನೇ?"



ನವೆಂಬರ್ 20
ಹೊಲಿಗೆ ಬಿಚ್ಚಿದರು. ಇವರು ಕಂಪ್ಯೂಟರ್ ಹತ್ತಿರ ಹೋಗಿಲ್ಲ. ಟಿವಿ, ನಿದ್ದೆ, ಟಿವಿ. ಯಾರೋ ಫೋಟೊ ತಂದರೆ "ಆಗಲ್ಲ" ಅಂದು ಕಳಿಸಿದರು.

ಅಡಾಪ್ಟರ್ ಅಂತ ಒಂದು ಸಿಗುತ್ತಂತೆ. ಬೋರ್ಡಿನ ಅಗಲ ಸಾಕೆಟ್ಟಿಗೆ ಅದನ್ನು ಕೂರಿಸಿ, ಟೈಪ್-ಸಿ ವೈರನ್ನು ಅದಕ್ಕೆ ಸಿಕ್ಕಿಸೋದು. ಆದರೆ ಆ ಸಾಕೆಟ್ ಇರೋದು ಒಂದೇ. ಮುಂದಿನ ಪೆನ್‌ಡ್ರೈವ್ ಪೋರ್ಟುಗಳ ವೈರ್ ಅದರಲ್ಲಿ ಕೂತಿದೆ. ಅದನ್ನು ಕಿತ್ತರೆ ಇದಕ್ಕೆ ಜಾಗ.

ಪೆನ್‌ಡ್ರೈವ್ ಬಳಸೋಳು ನಾನು. ಊರಲ್ಲಿರುವ ನನ್ನಕ್ಕ ವತ್ಸಲಕ್ಕನಿಗೆ ಕಾಗದ ಟೈಪ್ ಮಾಡಿ, ಜೆರಾಕ್ಸ್ ಅಂಗಡಿಗೆ ಒಯ್ದು ಪ್ರಿಂಟ್ ತೆಗೆಸೋದು. ಅಕ್ಕನಿಗೆ ದಪ್ಪಕ್ಷರ ಬೇಕು, ಕಣ್ಣು ಸಾಲದು. ಇರಲಿ, ಹಿಂದೆ ಚುಚ್ಚಿಕೊಂಡರಾಯಿತು. ನಾನಾದರೆ ಬಗ್ಗಬಲ್ಲೆ. ಆರ್ಡರ್ ಹಾಕಿದೆ.

ನವೆಂಬರ್ 25
ಬಂತು. ಕೂರಿಸಿದೆ. ಇವರನ್ನು ಬಲವಂತ ಮಾಡಿ ಕರೆತಂದೆ. ಚುಚ್ಚಿದರು. ಏನೂ ಇಲ್ಲ.

"ಬಿಡೇ ಅತ್ಲಾಗೆ" ಅಂದು ಎದ್ದುಹೋದರು.

ಕಿತ್ತು, ಸೆರಗಲ್ಲಿ ಒರೆಸಿ, ನಾನೇ ಚುಚ್ಚಿದೆ. ಟುಣ್! ಫೋನ್ ಸಿಕ್ಕಿತು ಅಂತ ಕಂಪ್ಯೂಟರ್ ಸದ್ದು ಮಾಡಿತು. ಕಿತ್ತು ಮತ್ತೆ ಚುಚ್ಚಿದೆ. ಇಲ್ಲ. ಆಮೇಲೆ ಹೊಳೆಯಿತು. ಟೈಪ್-ಸಿ ಅಂದರೆ ಹೇಗೆ ತಿರುಗಿಸಿ ಚುಚ್ಚಿದರೂ ನಡೀಬೇಕು. ಈ ಅಡಾಪ್ಟರಿನಲ್ಲಿ ಒಂದು ಮಗ್ಗುಲು ಮಾತ್ರ ಕೆಲಸ ಮಾಡುತ್ತೆ.

ಕನ್ನಡಿಗೆ ಅಂಟಿಸಿದ್ದ ಸ್ಟಿಕ್ಕರ್ ಬೊಟ್ಟು ಕಿತ್ತು, ವೈರಿನ ತಲೆಗೆ ಒಂದು, ಪೋರ್ಟಿನ ಮೇಲೆ ಒಂದು ಇಟ್ಟೆ. "ರೀ, ಬೊಟ್ಟು ಮೇಲ್ಗಡೆ ಬರಬೇಕು, ನೆನಪಿಟ್ಕೊಳಿ" ಅಂದೆ.

ಬಂದು ನೋಡಿದರು. "ಕಂಪ್ಯೂಟರನ್ನೂ ಮುತ್ತೈದೆ ಮಾಡಿಬಿಟ್ಯಲ್ಲೇ."

ಚುಚ್ಚಿದರು. ಟುಣ್.

ಡಿಸೆಂಬರ್ 2
ಅಡುಗೆಮನೆಯಲ್ಲಿದ್ದೆ. ಟುಣ್ ಕೇಳಿಸಿತು. ಇವರು ಎದುರುಮನೆ ಅಂಜಿನಯ್ಯನವರ ಫೋನಿಂದ ಅವರ ತಾಯಿ ಫೋಟೊ ಇಳಿಸಿಕೊಳ್ಳುತ್ತಿದ್ದರು. ಬೆಳಿಗ್ಗೆಯಿಂದ ಒಂದು ಸಲವೂ ಕೂಗಿಲ್ಲ. ನಾನೇ ಎರಡು ಸಲ ಇಣುಕಿ ಬಂದೆ... ಸುಮ್ಮನೆ.

ಡಿಸೆಂಬರ್ 9, ರಾತ್ರಿ ಊಟ ಆದಮೇಲೆ
ಅಕ್ಕನ ಕಾಗದ ಸಂಜೆ ಮುಗೀತು. ಪೆನ್‌ಡ್ರೈವ್ ಹಿಡಿದು ಟೇಬಲ್ ಕೆಳಗೆ ತೂರಿದೆ. ಚುಚ್ಚಿದ್ದೂ ಆಯಿತು. ಏಳೋಕೆ ಹೋದರೆ ಮಂಡಿ ಹಿಡಿದುಕೊಂಡುಬಿಡ್ತು. ಇವರು ಹೊರಗೆ ಪೇಪರ್ ಓದುತ್ತಿದ್ದರು. ಈ ಮನೆಯಲ್ಲಿ ಕೂಗೋರು ಅವರು, ಓಡೋಳು ನಾನು. ಟೇಬಲ್ ಕಾಲು ಹಿಡಿದು ಇನ್ನೊಮ್ಮೆ ಏಳಲು ನೋಡಿದೆ, ಆಗಲಿಲ್ಲ. ಆಮೇಲೆ ಕೂಗಿದೆ. "ರೀ... ಬನ್ರೀ ಇಲ್ಲಿ."

ಕೋಲಿನ ಸದ್ದು. ಕುರ್ಚಿ ಎಳೆದ ಸದ್ದು. ಎಡಗೈ ಟೇಬಲ್ ಕೆಳಗೆ ಇಳಿದು ಬಂತು.

"ಹಿಡ್ಕೋ. ತಲೆ ಎತ್ತು. ಬೊಟ್ಟು ಮೇಲ್ಗಡೆ ಬರಲಿ."

ನಗು ಬಂದು ಕೈ ಜಾರಿತು. ಇನ್ನೊಂದು ಸಲ ಹಿಡಿದೆ. ಆ ಎಡಗೈಯಲ್ಲಿ ಅಷ್ಟು ಬಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.