ತೊರೆಗೊಪ್ಪುವ ರಾಡ್

ಏಪ್ರಿಲ್ 4, ಬೆಳಿಗ್ಗೆ

ಮತ್ತೆ ಅದೇ ರಾಗ. ಟೋಸ್ಟ್ ಸೀದಿದೆ, ಚಹಾ ತಣ್ಣಗಿದೆ, ಪರದೆ ಸೊಟ್ಟಗಿದೆ. ಮಣಿಕಟ್ಟು ಮುರಿದುಕೊಂಡಾಗಿನಿಂದ ತಂಗಿಗೆ ಈ ಮನೆಯಲ್ಲಿ ಯಾವುದೂ ಸರಿಯಿಲ್ಲ. ಪ್ಲಾಸ್ಟರ್ ತೆಗೆದಾಗಿದೆ, ಆದರೆ ಟ್ರೌಟ್ ಮೀನು ಹಿಡಿಯುವ ತನ್ನ ಒಂಬತ್ತಡಿಯ ಗಾಳದ ಕೋಲನ್ನು, ಆ ಫ್ಲೈ ರಾಡನ್ನು, ಎರಡು ಸಲ ಬೀಸಿದರೆ ಕೈ ನಡುಗುತ್ತದೆ. "ಇನ್ನು ತೊರೆಯ ಋಣ ತೀರ್ತು ಕಣೇ ಅಕ್ಕ" ಎಂದು ಘೋಷಿಸಿ, ಈಗ ನನ್ನ ಅಡುಗೆಮನೆಯಲ್ಲಿ ತಪ್ಪುಗಳಿಗೆ ಗಾಳ ಹಾಕಿ ಕುಳಿತಿದ್ದಾಳೆ.

ಹಗುರವಾದ ರಾಡೊಂದನ್ನು ಕೊಂಡೇ ಬಿಡಬೇಕು. ಅವಳಿಗಾಗಿ ಅಲ್ಲ — ನನ್ನ ನೆಮ್ಮದಿಗಾಗಿ.

ಏಪ್ರಿಲ್ 6

ಅಂಗಡಿಯವನಿಗೆ ವಾಕ್ಯಕ್ಕೊಂದು "ಸೂಪರ್" ಬೇಕು. ದಾರವಿಲ್ಲದ ಬರಿಯ ಕೋಲನ್ನು ನನ್ನ ಮೂಗಿನ ಮುಂದೆ ಅಲ್ಲಾಡಿಸಿ, "ನೋಡಿ ಮೇಡಂ, ಸೂಪರ್ ಆ್ಯಕ್ಷನ್! ಬೀಸಿದ್ರೆ ಆ ದಡಕ್ಕೇ ಹೋಗುತ್ತೆ!" ಎಂದ.

"ನಮ್ಮ ತೊರೆಯಲ್ಲಿ ಕೊಡೆ ಚಾಚಿದರೂ ಆ ದಡ ಸಿಗುತ್ತದೆ."

"ಹಾಗಾದ್ರೆ ಕೊಡೇಲೇ ಹಿಡೀರಿ ಮೇಡಂ."

ಉದ್ಧಟ! ಆದರೂ ಕೊನೆಗೆ ಕೆಲಸಕ್ಕೆ ಬರುವಂಥದನ್ನು ತೆಗೆದ. ಆರೂವರೆ ಅಡಿ, ಗರಿಯಷ್ಟು ಹಗುರ, ತುದಿಯಿಂದ ಹಿಡಿಯವರೆಗೆ ಮೆತ್ತಗೆ ಬಾಗುತ್ತದೆ. ಬಾಗಿದ ಕೊಂಬೆಗಳ ಕೆಳಗೆ ಗಿಡ್ಡದ್ದೇ ಅನುಕೂಲವಂತೆ.

ಏಪ್ರಿಲ್ 7

"ಏನಿದು, ಆಟದ ಸಾಮಾನಾ? ನಾನು ಅಷ್ಟೊಂದು ಕೈಲಾಗದೋಳು ಅಂದ್ಕೊಂಡ್ಯಾ?"

ತಂಗಿ ಮುಟ್ಟಿಯೂ ನೋಡಲಿಲ್ಲ. ರಾಡ್ ಕೊಡೆಗಳ ಜೊತೆ ಮೂಲೆ ಸೇರಿತು.

ಏಪ್ರಿಲ್ 19

ಇನ್ನೂ ಮೂಲೆಯಲ್ಲೇ ಇದೆ. ತಂಗಿ ಇಂದು ನನ್ನ ಪುಸ್ತಕಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ದಾಳೆ. ಎತ್ತರದ ಪ್ರಕಾರ! ನಿಘಂಟಿನ ಪಕ್ಕದಲ್ಲಿ 'ಗುಲಾಬಿ ಬೆಳೆಯುವ ವಿಧಾನ'... ಸಾಕು. ನಾಳೆ ಆ ರಾಡ್ ಹಿಡಿದು ನಾನೇ ತೊರೆಗೆ ಹೋಗುತ್ತೇನೆ. ಹೇಳಿಯೂ ಬಿಟ್ಟೆ.

"ಹೋಗು ಹೋಗು. ಮೀನುಗಳಿಗೂ ಪಾಠ ಮಾಡಿ ಬಾ."

ಏಪ್ರಿಲ್ 20, ತೊರೆಯ ದಡ

ತಂಗಿ ಚಹಾದ ಫ್ಲಾಸ್ಕ್ ಹಿಡಿದು ಹಿಂದೆಯೇ ಬಂದಳು. "ನೀನು ಬಿದ್ರೆ ಎತ್ತೋರು ಬೇಡ್ವಾ?"

ಬೀಸಿದೆ. ನೊಣದಂತೆ ಕಟ್ಟಿದ ಗಾಳ ಕೊಂಬೆಗೆ ಸಿಕ್ಕಿತು. ಬಿಡಿಸಿ ಮತ್ತೆ ಬೀಸಿದೆ — ಈ ಸಲ ನನ್ನ ಟೋಪಿಗೆ.

"ಭುಜ ಅಲ್ಲ, ಮಣಿಕಟ್ಟು! ಬೆತ್ತ ಬೀಸೋ ಹಾಗಲ್ಲ ಕಣೇ!"

ಶಾಲೆಯಲ್ಲಿ ಪಾಠ ಮಾಡುವಾಗಲೂ ನಾನೆಂದೂ ಬೆತ್ತ ಹಿಡಿದವಳಲ್ಲ. ಆಕ್ಷೇಪಿಸಲು ಬಾಯಿ ತೆರೆಯುವಷ್ಟರಲ್ಲಿ "ಕೊಡಿಲ್ಲಿ, ನೋಡೋಕಾಗಲ್ಲ" ಎಂದು ರಾಡನ್ನು ಕಸಿದುಕೊಂಡಳು. ತೋರಿಸಿಕೊಡಲೆಂದು ಒಮ್ಮೆ ಬೀಸಿದಳು. ಇನ್ನೊಮ್ಮೆ. ದಾರ ಕೊಂಬೆಗಳ ಕೆಳಗೇ ನುಸುಳಿ ಕಲ್ಲಿನಾಚೆ ಇಳಿಯಿತು. ಕೈ ನಡುಗಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿಯೂ ನೋಡಿಲ್ಲ. ನನಗೆ ಈ ಒದ್ದೆ ಬಂಡೆಯೇ ಗತಿ. ಅವಳಿಗೆಂದು ಲೋಟಕ್ಕೆ ಬಗ್ಗಿಸಿಟ್ಟದ್ದನ್ನು ತೋರಿಸಿ, "ಚಹಾ ತಣ್ಣಗಾಯಿತು" ಎಂದೆ.

"ಇರ್ಲಿ ಬಿಡು."

ಇರಲಿಯಂತೆ! ಇಷ್ಟು ದಿನ ನನ್ನ ಪ್ರಾಣ ಹಿಂಡಿದ ಬಾಯಿ! ಇದನ್ನು ಇಂದು ರಾತ್ರಿ ಕೇಳದೆ ಬಿಡುವುದಿಲ್ಲ — ರಾಡ್ ಬಾಗಿದೆ.

"ಅಕ್ಕಾ, ಮೀನು! ಬಲೆ ತಾ! ಬರೀತಾ ಕೂತಿದೀಯಲ್ಲೇ!"

ಬಂದೆ, ಈ ವಾಕ್ಯವೊಂದನ್ನು ಮುಗಿ—